ಲೇಬಲ್, ಲೋಗೋ, ವೆಬ್‌ಸೈಟ್: ಸಣ್ಣ ಉದ್ಯೋಗದವರು ಮಾಡಿಸುವ ಮುನ್ನ

ಅಕ್ಕಲಕೋಟೆ, ಸೊಲ್ಲಾಪುರ ಭಾಗದ ನಮ್ಮ ಸದಸ್ಯರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಚಾದರ ಮಾರಿ ಸಂಸಾರ ನಡೆಸುವ ಮನೆಗಳು ಸಾಕಷ್ಟಿವೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಪುಣೆ, ಮುಂಬೈಯಿಂದ ಬಂದವರು ಒಮ್ಮೆ ಕೊಂಡು ಹೋಗಿ, ಮತ್ತೆ ತರಿಸಿಕೊಳ್ಳುವುದು ಹೇಗೆಂದು ಫೋನ್ ಮಾಡುತ್ತಾರೆ. ಹೀಗಾಗಿ ಡಿಸೈನ್ ಮಾಡುವವರನ್ನು ಹುಡುಕಿಕೊಂಡು ಹೋಗುವವರೂ, ಹೋಗುವ ಮುನ್ನ ಸಂಘದ ಕಚೇರಿಗೆ ಬಂದು ವಿಚಾರಿಸುವವರೂ ಹೆಚ್ಚಾಗಿದ್ದಾರೆ. ಎಲ್ಲರೂ ಕೇಳುವುದು ಎಷ್ಟು ರೊಕ್ಕ ಆಗುತ್ತದೆ ಎಂದು. ನಾವು ಕೇಳುವುದು ಬೇರೆ: ಮಾಡಿಸಿದ್ದೆಲ್ಲ ಯಾರ ಹೆಸರಿನಲ್ಲಿ ಇರುತ್ತದೆ?

ಇದನ್ನು ನಾವು ಪೆಟ್ಟು ತಿಂದು ಕಲಿತೆವು. ಸಂಘದ ಮೊದಲ ವೆಬ್‌ಸೈಟನ್ನು ಒಂದು ಸಂಸ್ಥೆಗೆ ವಹಿಸಿದ್ದೆವು. ಕೆಲಸ ಚೆನ್ನಾಗಿಯೇ ಇತ್ತು, ಉದ್ಘಾಟನೆಯೂ ಆಯಿತು. ಮೂರು ವರ್ಷದ ಮೇಲೆ ಒಂದು ದಿನ ಸೈಟು ತೆರೆಯಲಿಲ್ಲ. ವಿಚಾರಿಸಿದರೆ ವಿಳಾಸ, ಅಂದರೆ ಡೊಮೇನ್, ಆ ಸಂಸ್ಥೆಯವರ ಹೆಸರಿನಲ್ಲಿತ್ತು. ನವೀಕರಣದ ಸೂಚನೆಗಳೆಲ್ಲ ಅವರ ಇ-ಮೇಲ್‌ಗೆ ಹೋಗಿದ್ದವು. ಅವರು ಅಷ್ಟರಲ್ಲಿ ಅಂಗಡಿ ಮುಚ್ಚಿ ಬೇರೆ ಊರಿಗೆ ಹೋಗಿದ್ದರು. ಅವಧಿ ಮೀರಿದ ಡೊಮೇನನ್ನು ಕೆಲವು ವಾರಗಳೊಳಗೆ ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳಬಹುದಿತ್ತು. ನಮಗೆ ಗೊತ್ತಾಗುವ ಹೊತ್ತಿಗೆ ಆ ಗಡುವೂ ದಾಟಿತ್ತು. ಮೂರು ವರ್ಷದ ಕಾರ್ಯಕ್ರಮಗಳ ಫೋಟೋ, ವರದಿ ಎಲ್ಲವೂ ಹೋದವು. ಅವರನ್ನು ದೂರಿ ಫಲವಿಲ್ಲ. ಜೀವಮಾನವಿಡೀ ಫೈಲು ನೋಡಿಕೊಂಡು ಬಂದ ನಾವೇ ಈ ಒಂದು ಕಾಗದವನ್ನು ನೋಡಿರಲಿಲ್ಲ.

ಆದ್ದರಿಂದ ಡೊಮೇನನ್ನು ನಿಮ್ಮ ಹೆಸರು, ನಿಮ್ಮ ಇ-ಮೇಲ್, ನಿಮ್ಮ ಮೊಬೈಲ್ ನಂಬರಿನಲ್ಲೇ ಕೊಳ್ಳಿ. ಡಿಸೈನಿನವರಿಗೆ ಕೆಲಸಕ್ಕೆ ಬೇಕಾದಷ್ಟು ಪ್ರವೇಶ ಕೊಟ್ಟರೆ ಸಾಕು. ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಂ ಖಾತೆಗೂ ಇದೇ ಮಾತು. ಗೂಗಲ್ ನಕ್ಷೆಯಲ್ಲಿ ಅಂಗಡಿ ಕಾಣಿಸುವ ಬಿಸಿನೆಸ್ ಪ್ರೊಫೈಲ್‌ನಲ್ಲಿ ಮಾಲೀಕ, ಮ್ಯಾನೇಜರ್ ಎಂದು ಬೇರೆ ಬೇರೆ ಸ್ಥಾನಗಳಿವೆ. ಮಾಲೀಕರು ನೀವಾಗಿರಿ, ಅವರನ್ನು ಮ್ಯಾನೇಜರ್ ಮಾಡಿ. ಆ ಪ್ರೊಫೈಲ್ ಪೂರ್ತಿ ಉಚಿತ, ಅದಕ್ಕೆ ವರ್ಷದ ಶುಲ್ಕವೆಂದು ಯಾರಾದರೂ ಕೇಳಿದರೆ ಕೊಡಬೇಡಿ.

ಲೋಗೋದ ವಿಷಯ ಇನ್ನೂ ಸೂಕ್ಷ್ಮ. ರೊಕ್ಕ ಕೊಟ್ಟು ಬರೆಸಿದ ಮೇಲೆ ಅದು ನಮ್ಮದೇ ಎಂದು ಎಲ್ಲರೂ ತಿಳಿದಿರುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹೊರಗಿನ ಡಿಸೈನರ್ ಬರೆದ ಚಿತ್ರದ ಹಕ್ಕು ಸಾಮಾನ್ಯವಾಗಿ ಬರೆದವರದೇ. ಅದು ನಿಮಗೆ ಬರಬೇಕಾದರೆ ಸಹಿ ಮಾಡಿದ ಬರಹ ಬೇಕು. ಆ ಬರಹದಲ್ಲಿ ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ ಎಂದು ಕಾನೂನು ತಿಳಿಯುತ್ತದೆ, ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಂದು ಪುಟದ ಕರಾರಿನಲ್ಲಿ "ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ" ಎಂಬ ಎರಡು ಮಾತು ಸೇರಿಸಲು ಖರ್ಚೇನೂ ಇಲ್ಲ. ಅದರ ಜೊತೆಗೆ ಮೂಲ ಫೈಲನ್ನೂ ಕೇಳಿ ಪಡೆಯಿರಿ. ವಾಟ್ಸಾಪಿನಲ್ಲಿ ಬಂದ ಚಿತ್ರ ಮೂಲ ಫೈಲಲ್ಲ, ಬೋರ್ಡಿಗೆ ದೊಡ್ಡದು ಮಾಡಿದರೆ ಮಸುಕಾಗುತ್ತದೆ. ನಮ್ಮ ಕಡೆಯ ಪ್ರೆಸ್ಸುಗಳಿಗೆ ಕೋರೆಲ್ ಡ್ರಾ ಫೈಲೇ ಹೆಚ್ಚು ರೂಢಿ. ಅದನ್ನೂ ಒಂದು ಪಿಡಿಎಫ್ ಪ್ರತಿಯನ್ನೂ ಪೆನ್ ಡ್ರೈವಿಗೆ ಹಾಕಿಸಿಕೊಂಡ ಮೇಲೆಯೇ ಕೊನೆಯ ಕಂತು ಕೊಡಿ.

ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವವರು ಆನ್‌ಲೈನ್ ಅರ್ಜಿ ಹಾಕಬಹುದು. ಒಬ್ಬರೇ ನಡೆಸುವ ಉದ್ಯೋಗಕ್ಕೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ರೊಟ್ಟಿ, ಚಟ್ನಿ 30ನೇ ವರ್ಗದಲ್ಲಿ, ಚಾದರ 24ರಲ್ಲಿ. ನೋಂದಣಿಯಾದರೆ 10 ವರ್ಷ ನಡೆಯುತ್ತದೆ, ಮುಂದೆ ನವೀಕರಿಸಬಹುದು. "ಸೊಲ್ಲಾಪುರ ಚಾದರ" ಎಂಬ ಹೆಸರಿಗೆ ಭೌಗೋಳಿಕ ಸೂಚಿಕೆ ಇದೆ, ಅದನ್ನು ಒಬ್ಬರ ಬ್ರಾಂಡ್ ಮಾಡಿಕೊಳ್ಳಲು ಬರುವುದಿಲ್ಲ.

ಹೆಚ್ಚು ನಷ್ಟ ನೋಡಿದ್ದು ಪಾಕೀಟಿನ ಮುದ್ರಣದಲ್ಲಿ. ನಮ್ಮ ಸದಸ್ಯೆಯೊಬ್ಬರು ಐದು ಸಾವಿರ ಚಟ್ನಿ ಪಾಕೀಟು ಅಚ್ಚು ಹಾಕಿಸಿ ತಂದು ತೋರಿಸಿದರು. ಬಣ್ಣ ಚೆಂದ. "ರೊಟ್ಟಿಯ ಜೋಡಿ ಶೇಂಗಾ ಚಟ್ನಿ" ಎಂದು ಇರಬೇಕಾದಲ್ಲಿ "ರೊಟ್‌ಟಿಯ ಜೋಡಿ ಶೇಂಗಾ ಚಟ್‌ನಿ" ಎಂದು ಬಿದ್ದಿತ್ತು. ಡಿಸೈನ್ ಮಾಡಿದ ಹುಡುಗನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಒತ್ತಕ್ಷರ ಒಡೆದದ್ದು ಅವನಿಗೆ ಕಾಣಲಿಲ್ಲ. ಡಿಸೈನ್ ತಂತ್ರಾಂಶದಲ್ಲಿ ಭಾರತೀಯ ಭಾಷೆಗಳ ಸೌಲಭ್ಯ ಹಚ್ಚಿರದಿದ್ದರೆ ಹೀಗಾಗುತ್ತದೆ. ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚು ಮಾಡಿ ಕಳಿಸಿದರೂ ಅವರ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣಬಹುದು. ಯೂನಿಕೋಡಿನಲ್ಲೇ ಕಳಿಸಿ. ಮುದ್ರಣಕ್ಕೆ ಮುಂಚೆ ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ಕನ್ನಡ ಬಲ್ಲ ಇಬ್ಬರಿಂದ ಓದಿಸಿ. ಸಂಘದಲ್ಲಿ ಓದಿಕೊಡುವವರಿದ್ದೇವೆ.

ಅದೇ ಪಾಕೀಟಿನಲ್ಲಿ ಇನ್ನೊಂದು ಕೊರತೆ ಇತ್ತು. ಆಹಾರದ ಪಾಕೀಟಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಲೇಬೇಕು, ಅದರ ಜೊತೆಗೆ ಕನ್ನಡವನ್ನೂ ಮರಾಠಿಯನ್ನೂ ಧಾರಾಳವಾಗಿ ಹಾಕಬಹುದು. ಕನ್ನಡ ಹಾಕಿದರೆ ತೊಂದರೆಯಾದೀತೆಂದು ಕೆಲವರು ಅಂಜುತ್ತಾರೆ, ಪಾಕೀಟಿನ ಮಟ್ಟಿಗೆ ಆ ಅಂಜಿಕೆ ಬೇಡ. ಮಹಾರಾಷ್ಟ್ರದಲ್ಲಿ ಮರಾಠಿ ಮೊದಲಿರಬೇಕು, ಬೇರೆ ಲಿಪಿಗಿಂತ ಸಣ್ಣದಿರಬಾರದು ಎಂಬ 2022ರ ತಿದ್ದುಪಡಿ ಅಂಗಡಿಯ ಬೋರ್ಡಿನದು. ಪಾಕೀಟಿನ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ದಿನ, ಎಷ್ಟು ದಿನ ಬಾಳುತ್ತದೆ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಫೋನ್ ನಂಬರು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಹಸಿರು ಚುಕ್ಕೆ ಇರಬೇಕು. ಶೇಂಗಾ ಅಲರ್ಜಿ ತರುವ ಪದಾರ್ಥಗಳ ಪಟ್ಟಿಯಲ್ಲಿದೆ, ಆದ್ದರಿಂದ ಅದನ್ನು ಬೇರೆಯಾಗಿ ಸೂಚಿಸಬೇಕು. ಆ ಪಾಕೀಟಿನಲ್ಲಿ ಇದೇ ಇರಲಿಲ್ಲ. ಡಿಸೈನಿನವರು ಚಂದ ಮಾಡುತ್ತಾರೆ, ಕಾನೂನಿನ ಹೊಣೆ ಹೊರುವುದಿಲ್ಲ. ಐದು ಸಾವಿರ ಪಾಕೀಟಿಗೂ ಚೀಟಿ ಅಂಟಿಸುತ್ತಾ ಆ ತಾಯಿ ಒಂದು ತಿಂಗಳು ಕೂತರು.

ಇನ್ನು ಮಾರಾಟ. "ಗೂಗಲ್‌ನಲ್ಲಿ ನಿಮ್ಮನ್ನು ಮೊದಲನೇ ಸ್ಥಾನಕ್ಕೆ ತರುತ್ತೇವೆ, ಗ್ಯಾರಂಟಿ" ಎನ್ನುವವರನ್ನು ನಂಬಬೇಡಿ. ಅಂಥ ಗ್ಯಾರಂಟಿ ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಹೇಳುತ್ತದೆ. ನಮ್ಮವರಿಗೆ ನಿಜವಾಗಿ ಗಿರಾಕಿ ತಂದದ್ದು ವಾಟ್ಸಾಪ್ ಬಿಸಿನೆಸ್. ಅದರ ಕೆಟಲಾಗಿನಲ್ಲಿ ಫೋಟೋ, ಬೆಲೆ ಹಾಕಿಟ್ಟು, ಪಾಕೀಟಿನ ಹಿಂದೆ ಕ್ಯೂಆರ್ ಗುರುತು ಮುದ್ರಿಸಿದರೆ ಪುಣೆಯಲ್ಲಿ ಪಾಕೀಟು ಖಾಲಿಯಾದ ದಿನವೇ ಮರು ಆರ್ಡರು ಬರುತ್ತದೆ. ಸಂಕ್ರಾಂತಿಗೆ, ಸಿದ್ಧರಾಮೇಶ್ವರ ಜಾತ್ರೆಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೇಳುವವರಿರುತ್ತಾರೆ, ಹದಿನೈದು ದಿನ ಮೊದಲೇ ಫೋಟೋ ಹಾಕಿ. ಆದರೆ ಪ್ರಚಾರಕ್ಕೆ ರೊಕ್ಕ ಸುರಿಯುವ ಮೊದಲು ಮಾಲು ಸರಿಯಾಗಿ ಮುಟ್ಟುತ್ತದೆಯೇ ನೋಡಿಕೊಳ್ಳಿ. "ಅಣ್ಣಾರ, ಜಾಹೀರಾತ ನೋಡಿ ಇಪ್ಪತ್ತು ಮಂದಿ ತರಿಸಿದ್ರು, ಎಲ್ಲಾ ರೊಟ್ಟಿ ಪುಡಿ ಆಗಿ ಮುಟ್ಟೇವ್ರಿ" ಎಂದು ಒಬ್ಬರು ಬಂದು ಅತ್ತಿದ್ದರು. ಗಟ್ಟಿ ರಟ್ಟಿನ ಡಬ್ಬಿಯಲ್ಲಿ ಬಿಗಿಯಾಗಿ ಜೋಡಿಸಿ, ನಿಮ್ಮ ನೆಂಟರ ಮನೆಗೇ ಒಂದೆರಡು ಸಲ ಕೊರಿಯರ್ ಮಾಡಿ ಪರೀಕ್ಷಿಸಿ.

ಗಡಿಯವರಾದ ನಮಗೆ ಮಾತ್ರ ಎದುರಾಗುವ ಒಂದು ತೊಡಕಿದೆ. ಅಕ್ಕಲಕೋಟೆಗೆ ಪುಣೆಗಿಂತ ಆಳಂದ, ಕಲಬುರಗಿ ಹತ್ತಿರ. ನಮಗೆ ಅದು ಬೀಗರ ಊರು, ಜಿಎಸ್‌ಟಿ ಲೆಕ್ಕದಲ್ಲಿ ಹೊರ ರಾಜ್ಯ. ತೆರಿಗೆ ಬೀಳುವ ಸರಕನ್ನು ಹೊರ ರಾಜ್ಯಕ್ಕೆ ಮಾರುವವರು ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಮಾಡಿಸಬೇಕಾಗುತ್ತದೆ. ಕೆಲವು ಕೈಕಸುಬಿನ ವಸ್ತುಗಳಿಗೆ ರಿಯಾಯಿತಿ ಉಂಟು. ತೆರಿಗೆಯೇ ಇಲ್ಲದ ಸರಕಿಗೆ ಈ ನಿಯಮ ತಾಗದು. ನಿಮ್ಮ ಸರಕು ಯಾವುದರಲ್ಲಿ ಬರುತ್ತದೆಂದು ವೆಬ್‌ಸೈಟಿಗೆ ಮುಂಗಡ ಕೊಡುವ ಮೊದಲೇ ತೆರಿಗೆ ಸಲಹೆಗಾರರನ್ನು ಕೇಳಿಕೊಳ್ಳಿ.

ಡಿಸೈನಿನವರ ಜೊತೆ ಮಾಡಿಕೊಳ್ಳುವ ಒಂದು ಪುಟದ ಕರಾರಿನ ಮಾದರಿ ಸಂಘದ ಕಚೇರಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಇದೆ. ಎಷ್ಟು ಸಲ ತಿದ್ದಿಕೊಡಬೇಕು, ಕಂತು ಯಾವಾಗ ಯಾವಾಗ, ಮೂಲ ಫೈಲು, ಹಕ್ಕಿನ ವರ್ಗಾವಣೆ ಎಲ್ಲ ಅದರಲ್ಲಿ ಬರುತ್ತದೆ. ಪ್ರತಿ ಬೇಕಾದವರು ಬರುವಾಗ ತಮ್ಮ ಪಾಕೀಟು ಅಥವಾ ಲೇಬಲ್ಲಿನ ಕರಡನ್ನೂ ತಂದರೆ ಅಲ್ಲೇ ಕೂತು ಓದಿ ನೋಡೋಣ.