ಬ್ಯಾರನ್ ಬೆಂಕಿಯ ಕಥೆ, ಸೌದೆಯ ಲೆಕ್ಕ

ಶ್ರಾವಣ ಬಂತೆಂದರೆ ನಮ್ಮ ಸರಗೂರು, ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ರಾತ್ರಿಯಿಡೀ ಬ್ಯಾರನ್ ಒಲೆ ಉರಿಯುತ್ತದೆ. ಪೇಟೆಯ ಅಂಗಡಿ, ಕಚೇರಿಗಳಲ್ಲಿ ಕರೆಂಟ್ ಉಳಿಸಿ ಎನ್ನುತ್ತಾರೆ. ತಂಬಾಕು ಬೆಳೆಯುವ ರೈತನಿಗೆ ಬ್ಯಾರನ್ನೇ ಕಾರ್ಖಾನೆ. ಅಲ್ಲಿ ಉಳಿಸಬೇಕಾದದ್ದು ಸೌದೆ.

ಈ ಬೆಂಕಿಗೆ ದೊಡ್ಡ ಚರಿತ್ರೆಯಿದೆ. 1839ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸ್ಟೀಫನ್ ಎಂಬ ಗುಲಾಮ ಯುವಕ ತಂಬಾಕು ಮನೆಯ ಬೆಂಕಿ ಕಾಯುತ್ತಾ ನಿದ್ದೆಹೋದನಂತೆ. ಎಚ್ಚರವಾದಾಗ ಬೆಂಕಿ ಆರುತ್ತಿತ್ತು. ಗಾಬರಿಯಿಂದ ಇದ್ದಿಲು ತಂದು ಸುರಿದ. ಆ ಜೋರು ಶಾಖಕ್ಕೆ ಸೊಪ್ಪು ಹೊಳೆಯುವ ಹಳದಿಯಾಯಿತು. ಹಳದಿ ಸೊಪ್ಪಿಗೆ ಒಳ್ಳೆಯ ಬೆಲೆಯೂ ಸಿಕ್ಕಿತು. ಆಮೇಲೆ ಒಲೆಯನ್ನು ಹೊರಗಿಟ್ಟು, ಕಬ್ಬಿಣದ ಕೊಳವೆಯಲ್ಲಿ ಶಾಖ ಒಳಗೆ ಹರಿಸುವ ಬ್ಯಾರನ್ ಬಂತು. ಈ ಸೊಪ್ಪಿನ ಬೇಸಾಯ 1920ರ ದಶಕದಲ್ಲಿ ಗುಂಟೂರಿನ ಕಡೆ ಬೇರೂರಿತು. ಮುಂದೆ ನಮ್ಮ ಕೆಂಪು ಮಣ್ಣಿಗೂ ಬಂತು.

1976ರಲ್ಲಿ ತಂಬಾಕು ಮಂಡಳಿ ಶುರುವಾಯಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಆರಂಭವಾಯಿತು. ಹರಾಜು ಕಟ್ಟೆಯಲ್ಲಿ ಮೊದಲು ನೋಡುವುದೇ ಬಣ್ಣ. ಹಾಗಾಗಿ ಬೆಂಕಿ ಕಡಿಮೆ ಮಾಡಲು ಯಾರಿಗೂ ಧೈರ್ಯವಿಲ್ಲ. ನಮ್ಮಪ್ಪನೂ ಹೇಳುತ್ತಿದ್ದರು: "ಸೌದೆ ಹೋದ್ರೆ ಹೋಗ್ಲಿ ಕಣೋ, ಬಣ್ಣ ಹೋದ್ರೆ ವರ್ಷದ ಅನ್ನ ಹೋಯ್ತು."

ಅವರ ಭಯ ಸುಳ್ಳಲ್ಲ. ಹಸಿ ಸೊಪ್ಪಿನಲ್ಲಿ ಶೇ. 80ಕ್ಕಿಂತ ಹೆಚ್ಚು ನೀರೇ ಇರುತ್ತದೆ. ಮೊದಲು 35 ಡಿಗ್ರಿ ಆಸುಪಾಸಿನಲ್ಲಿ ಸೊಪ್ಪು ಹಳದಿಯಾಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ 70 ಡಿಗ್ರಿ ಹತ್ತಿರ ದಂಟು ಒಣಗಬೇಕು. ಇಷ್ಟಕ್ಕೆ ಐದಾರು ದಿನ ಹಿಡಿಯುತ್ತದೆ. ಸಾಮಾನ್ಯ ಬ್ಯಾರನ್‌ನಲ್ಲಿ ಒಂದು ಕೆಜಿ ಒಣ ಸೊಪ್ಪಿಗೆ ಸುಮಾರು 4ರಿಂದ 5 ಕೆಜಿ ಸೌದೆ ಬೇಕು.

ಆದರೆ ಆ ಶಾಖವೆಲ್ಲ ಸೊಪ್ಪಿಗೇ ಸೇರುವುದಿಲ್ಲ. ಚಾವಣಿ, ಬಾಗಿಲ ಸಂದು, ಗೋಡೆ ಬಿರುಕು, ಚಿಮಣಿಗಳಲ್ಲಿ ಸೋರಿಹೋಗುತ್ತದೆ. ಉಳಿತಾಯ ಅಂದರೆ ಬೆಂಕಿ ತಗ್ಗಿಸುವುದಲ್ಲ, ಶಾಖದ ಸೋರಿಕೆ ತಡೆಯುವುದು. ಚಾವಣಿಗೆ ಶಾಖ ತಡೆಯುವ ಹೊದಿಕೆ, ಕುಲುಮೆಗೆ ಗಾಳಿಯಾಡುವ ಕಬ್ಬಿಣದ ಜಾಲರಿ, ಒಣಗಿದ ಸೀಳು ಸೌದೆ, ಒಂದೇ ಹದಕ್ಕೆ ಮಾಗಿದ ಸೊಪ್ಪು, ದಂಟು ಒಣಗುವಾಗ ಕಿಟಕಿ ಮುಚ್ಚುವುದು, ಇವೆಲ್ಲ ಬಣ್ಣ ಕೆಡಿಸದೆ ಸೌದೆ ಉಳಿಸುತ್ತವೆ.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 1,500 ಕೆಜಿ ಸೊಪ್ಪು ಬೇಯಿಸುವವರು ಕೆಜಿಗೆ 5ರ ಬದಲು 4 ಕೆಜಿ ಸೌದೆಯಲ್ಲಿ ಮುಗಿಸಿದರೆ ಒಂದೂವರೆ ಟನ್ ಉಳಿಯುತ್ತದೆ.

ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ನಾಗರಹೊಳೆ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಕಾಡಿನ ಮರ ಮುಟ್ಟುವಂತಿಲ್ಲ. ಹೊಲದ ಬದುವಿನ ಮರಗಳೂ ಒಂದೊಂದಾಗಿ ಒಲೆ ಸೇರಿವೆ. ತಂಬಾಕು ಬೇಕೇ ಬೇಡವೇ ಎಂಬ ಚರ್ಚೆ ಬೇರೆ. ಬೆಳೆಯುವಷ್ಟು ದಿನ ಸೌದೆ ಬೇಕೇ ಬೇಕು.

ಮುಂದಿನ ಸಲ ಒಲೆ ಹಚ್ಚುವ ಮುಂಚೆ ಹಗಲಲ್ಲಿ ಬ್ಯಾರನ್ ಒಳಗೆ ನಿಂತು ಬಾಗಿಲು ಹಾಕಿ ನೋಡಿ. ಎಲ್ಲೆಲ್ಲಿ ಬೆಳಕು ಕಾಣುತ್ತದೋ ಅಲ್ಲೆಲ್ಲ ನಿಮ್ಮ ಸೌದೆಯ ದುಡ್ಡು ಹೊರಗೆ ಹೋಗುತ್ತಿದೆ. ಅದನ್ನು ಮುಚ್ಚಲು ಒಂದು ಬುಟ್ಟಿ ಮಣ್ಣು ಸಾಕು.