ಅರಮನೆಯಿಂದ ಆಸ್ಪತ್ರೆಗೆ ಬಂದ ಯೋಗ

ಹೊಲದ ಕೆಲಸ ಮುಗಿಸಿ, ದನ ಕಟ್ಟಿ, ರೇಡಿಯೋ ಹತ್ತಿರ ಕೂತಿರುವ ನಿಮಗೆ ಇವತ್ತು ಒಂದು ಸಣ್ಣ ಇತಿಹಾಸ ಹೇಳಬೇಕೆಂದಿದ್ದೇನೆ. ಇದು ರಾಜರ ಯುದ್ಧದ ಇತಿಹಾಸವಲ್ಲ. ಶಾಲೆಯ ಅಂಗಳದಲ್ಲಿ ಬೆಳಗಿನ ಹೊತ್ತು ಚಾಪೆ ಹಾಸಿ ಕಲಿಸುತ್ತಾರಲ್ಲ, ಆ ಯೋಗದ ತರಗತಿ ಎಲ್ಲಿಂದ ಬಂತು, ಮನಸ್ಸು ನೊಂದವರಿಗೆ ಅದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬ ಇತಿಹಾಸ. ನಾನು ಪಂಡಿತನಲ್ಲ. ಮೆಟ್ರಿಕ್ ಪಾಸು ಮಾಡಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದಾಗಿ ಈ ವಿಷಯ ಓದಿ ತಿಳಿದುಕೊಂಡೆ.

ನಮ್ಮದು ರಾಯದುರ್ಗದ ಸೀಮೆ. 1997ರಲ್ಲಿ ನನ್ನ ತಮ್ಮನಿಗೆ ಮನಸ್ಸಿನ ಕಾಯಿಲೆ ಬಂತು. ನಿದ್ದೆ ಇಲ್ಲ, ಊಟ ಇಲ್ಲ, ಯಾರೋ ತನ್ನನ್ನು ಬೈಯುತ್ತಿದ್ದಾರೆ ಅನ್ನುತ್ತಿದ್ದ. ಅವ್ವ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದಳು. ಕೊನೆಗೆ ಬಳ್ಳಾರಿಗೆ ಕರೆದುಕೊಂಡು ಹೋದೆವು. ಮಾತ್ರೆ ಕೊಟ್ಟರು, ಮೂರು ತಿಂಗಳಲ್ಲಿ ಹುಡುಗ ಮನುಷ್ಯನಾದ, ಮತ್ತೆ ಹೊಲಕ್ಕೆ ಹೋಗತೊಡಗಿದ. ಆಗ ಹತ್ತಿರದ ಊರಿನಲ್ಲಿ ಒಂದು ಯೋಗ ಶಿಬಿರ ನಡೆಯಿತು. ಒಳ್ಳೆಯದಾಗುತ್ತದೆ ಎಂದು ನಾನೇ ಅವನನ್ನು ಸೇರಿಸಿದೆ. ಅಲ್ಲಿ ಕಲಿಸುವವರೊಬ್ಬರು, "ಮಾತ್ರೆಯೆಲ್ಲ ವಿಷ, ಬಿಟ್ಟುಬಿಡು, ಪ್ರಾಣಾಯಾಮವೇ ಸಾಕು" ಎಂದರಂತೆ. ತಮ್ಮ ನಮಗೆ ಹೇಳದೆ ಮಾತ್ರೆ ಬಿಟ್ಟ. ಎರಡು ತಿಂಗಳೊಳಗೆ ಒಂದು ರಾತ್ರಿ ಮನೆ ಬಿಟ್ಟು ಹೋದ. ನಾಲ್ಕನೆಯ ದಿನ ಗುಂತಕಲ್ಲು ಸ್ಟೇಷನ್ನಿನಲ್ಲಿ ಸಿಕ್ಕಿದ. ನನ್ನ ಮುಖ ನೋಡಿ, "ಅಣ್ಣಾ, ನೀನೇ ತಾನೆ ಸೇರಿಸಿದ್ದು" ಎಂದ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಹಾಗಾದರೆ ಯೋಗವೇ ತಪ್ಪೇ? ಅಲ್ಲ. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಯೋಗ ಬಹಳ ಹಳೆಯದು. ಪತಂಜಲಿಯ ಸೂತ್ರಗಳಲ್ಲಿ ಯೋಗಕ್ಕೆ ಬರುವ ಅಡ್ಡಿಗಳನ್ನು ಎಣಿಸುವಾಗ ಮೊದಲು ಬರುವುದೇ ವ್ಯಾಧಿ. ಆ ಅಡ್ಡಿಗಳ ಜೊತೆಗೇ ದುಃಖ, ಮನಸ್ಸಿನ ಕುಂದು, ಮೈ ನಡುಕ, ಉಸಿರಿನ ಏರುಪೇರು ಬರುತ್ತವೆ ಎಂದೂ ಹೇಳಿದೆ. ಮನಸ್ಸು ಕೆಟ್ಟರೆ ಉಸಿರು ಕೆಡುತ್ತದೆ ಎಂಬುದನ್ನು ಹಿಂದಿನವರು ಕಂಡುಕೊಂಡಿದ್ದರು. ಆದರೆ ಸಂಸಾರಸ್ಥರು ಸಾಲಾಗಿ ಕೂತು ಕಲಿಯುವ ತರಗತಿ ಅಷ್ಟು ಹಳೆಯದಲ್ಲ. ಅದಕ್ಕೆ ಸುಮಾರು ನೂರು ವರ್ಷ ಅಷ್ಟೆ. 1918ರಲ್ಲಿ ಶ್ರೀ ಯೋಗೇಂದ್ರ ಅವರು ಮುಂಬಯಿಯಲ್ಲಿ ಯೋಗ ಸಂಸ್ಥೆ ತೆರೆದರು. 1924ರಲ್ಲಿ ಸ್ವಾಮಿ ಕುವಲಯಾನಂದರು ಲೋಣಾವಳದಲ್ಲಿ ಕೈವಲ್ಯಧಾಮ ಸ್ಥಾಪಿಸಿ, ಆಸನ ಪ್ರಾಣಾಯಾಮಗಳಿಂದ ದೇಹದಲ್ಲಿ ಏನಾಗುತ್ತದೆ ಎಂದು ಯಂತ್ರಗಳಿಂದ ಅಳೆದು ನೋಡತೊಡಗಿದರು.

ಇನ್ನು ನಮ್ಮ ಕನ್ನಡ ನಾಡಿನ ಪಾಲು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೆ ಕೃಷ್ಣಮಾಚಾರ್ಯರಿಗೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಆಶ್ರಯ ಕೊಟ್ಟರು. 1933ರ ಹೊತ್ತಿಗೆ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಯತೊಡಗಿತು. ಅವರ 'ಯೋಗ ಮಕರಂದ' 1934ರಲ್ಲಿ ಅಚ್ಚಾದದ್ದು ಕನ್ನಡದಲ್ಲೇ. ಕೋಲಾರ ಸೀಮೆಯ ಬೆಳ್ಳೂರಿನ ಒಬ್ಬ ಹುಡುಗ ಆ ಶಾಲೆಯಲ್ಲಿ ಕಲಿತ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಹುಟ್ಟಿ, ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವನ್ನೂ ಕಂಡ ಸೊರಗಿದ ಹುಡುಗ. ಅವರೇ ಮುಂದೆ 1937ರಲ್ಲಿ ಪುಣೆಗೆ ಹೋಗಿ ನೆಲೆಸಿ ಲೋಕಪ್ರಸಿದ್ಧರಾದ ಬಿ.ಕೆ.ಎಸ್. ಅಯ್ಯಂಗಾರ್. 1950ರಲ್ಲಿ ಅರಮನೆಯ ಶಾಲೆ ಮುಚ್ಚಿತು. ಕೃಷ್ಣಮಾಚಾರ್ಯರು ಮದರಾಸಿಗೆ ಹೋಗಿ, 1989ರಲ್ಲಿ ಅಲ್ಲಿಯೇ ತೀರಿಕೊಂಡರು. ನೋಡಿ, ಕನ್ನಡ ನೆಲದಲ್ಲಿ ಕುದುರಿದ ವಿದ್ಯೆ ಮರಾಠಿ ಸೀಮೆಗೂ ತಮಿಳು ಸೀಮೆಗೂ ಹೋಯಿತು. ವಿದ್ಯೆಗೆ ಗಡಿಕಲ್ಲು ಇಲ್ಲ.

ಹಳ್ಳಿಗರಿಗೆ ಯೋಗವನ್ನು ತಲುಪಿಸಿದವರು ಇನ್ನೊಬ್ಬರು, ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. ಹುಟ್ಟಿದ್ದು ಬಾರಕೂರಿನಲ್ಲಿ, ನೆಲೆಸಿದ್ದು ಹೊಳಲ್ಕೆರೆ ತಾಲೂಕಿನಲ್ಲಿ. ಆಯುರ್ವೇದದ ಔಷಧಿ ಕೊಡುತ್ತ, ಊರೂರಿನಲ್ಲಿ ಯೋಗ ಶಿಬಿರ ನಡೆಸಿದರು. 1996ರಲ್ಲಿ ಕಾಲವಾದರು. ಔಷಧಿ ಒಂದು ಕೈಯಲ್ಲಿ, ಯೋಗ ಒಂದು ಕೈಯಲ್ಲಿ. ಇದನ್ನು ನೆನಪಿಡಿ.

ಆಸ್ಪತ್ರೆಯವರೂ ಸುಮ್ಮನಿರಲಿಲ್ಲ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಮನೋವೈದ್ಯ ಡಾ. ವಾಹಿಯಾ ಅವರು 1960ರ ದಶಕದಲ್ಲೇ ಪತಂಜಲಿಯ ವಿಚಾರಗಳನ್ನು ಚಿಕಿತ್ಸೆಗೆ ತಂದರು. ಬೆಂಗಳೂರಿನಲ್ಲಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಅಲ್ಲಿನ ವೈದ್ಯರು 2000ದಲ್ಲಿ ತೀವ್ರ ಖಿನ್ನತೆಯ 45 ರೋಗಿಗಳ ಮೇಲಿನ ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿಗೆ ವಿದ್ಯುತ್ ಚಿಕಿತ್ಸೆ, ಒಂದು ಗುಂಪಿಗೆ ಮಾತ್ರೆ, ಇನ್ನೊಂದು ಗುಂಪಿಗೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ. ನಾಲ್ಕು ವಾರದಲ್ಲಿ ಮೂರು ಗುಂಪಿನವರೂ ಸುಧಾರಿಸಿದರು. ವಿದ್ಯುತ್ ಚಿಕಿತ್ಸೆಯಲ್ಲಿ ನೂರಕ್ಕೆ 93, ಮಾತ್ರೆಯಲ್ಲಿ 73, ಉಸಿರಾಟದಲ್ಲಿ 67 ಮಂದಿ ಚೇತರಿಸಿಕೊಂಡರು. 67 ಸಣ್ಣ ಅಂಕಿಯಲ್ಲ. ಆದರೆ ಅದು 93 ಕೂಡ ಅಲ್ಲ. ಅವರೆಲ್ಲ ಆಸ್ಪತ್ರೆಯಲ್ಲಿ ವೈದ್ಯರ ಕಣ್ಣಮುಂದೆಯೇ ಇದ್ದವರು ಎಂಬುದನ್ನೂ ಮರೆಯಬಾರದು. 2007ರಲ್ಲಿ ಸ್ಕಿಜೋಫ್ರೀನಿಯಾ ಎಂಬ ಕಾಯಿಲೆಯ 61 ಮಂದಿಯ ಅಧ್ಯಯನ ಹೊರಬಂತು. ಕೆಲವರಿಗೆ ಬರೀ ವ್ಯಾಯಾಮ, ಕೆಲವರಿಗೆ ಯೋಗ. ನಾಲ್ಕು ತಿಂಗಳ ನಂತರ ಯೋಗದವರಲ್ಲಿ ಮಂಕುತನ ಹೆಚ್ಚು ಕಡಿಮೆಯಾಗಿತ್ತು, ನಾಲ್ಕು ಜನರೊಡನೆ ಬೆರೆಯುವ ಶಕ್ತಿ ಹೆಚ್ಚಿತ್ತು. ಆದರೆ ಅವರೆಲ್ಲರೂ ಮಾತ್ರೆ ತೆಗೆದುಕೊಳ್ಳುತ್ತಲೇ ಇದ್ದರು. ನನ್ನ ತಮ್ಮನಿಗೆ ಯಾರೂ ಹೇಳದಿದ್ದ ಮಾತು ಇದೇ.

ಬಳ್ಳಾರಿಯ ಸಂಗತಿಯನ್ನೂ ಹೇಳಿಬಿಡುತ್ತೇನೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆಯಿತು. ಏಳು ತಾಲೂಕು ಮೈಸೂರಿಗೆ ಹೋದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ಕಂದಾಯ ಅತ್ತ ಕಟ್ಟಿದರೂ ಕಾಯಿಲೆ ಬಂದರೆ ಇತ್ತ ಬರುವುದು ನಮಗೆ ತಪ್ಪಲಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಇದೇ ಬಳ್ಳಾರಿ ಜಿಲ್ಲೆಯಲ್ಲಿ ಹೊಸ ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿ, ಹಳ್ಳಿಯ ಹತ್ತಿರವೇ ಔಷಧಿ ಸಿಗುವಂತೆ ಮಾಡಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಭಾರತ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ನಮ್ಮ ಪಕ್ಕದ ಜಿಲ್ಲೆ ದೇಶಕ್ಕೆ ದಾರಿ ತೋರಿಸಿತು ಎಂದರೆ ಹೆಮ್ಮೆ ಪಡಬಾರದೇ?

ಈಗ ನಿಮ್ಮೂರಿನಲ್ಲಿ ಯೋಗದ ತರಗತಿ ಹುಡುಕುತ್ತೀರಿ ಅನ್ನಿ. 2015ರಿಂದ ಪ್ರತಿ ಜೂನ್ 21ರಂದು ಯೋಗ ದಿನ ನಡೆಯುತ್ತಿರುವುದರಿಂದ ಕಲಿಸುವವರಿಗೇನೂ ಕೊರತೆಯಿಲ್ಲ. ಹತ್ತಿರದ ಸರ್ಕಾರಿ ಆಯುಷ್ ದವಾಖಾನೆಯಲ್ಲಿ ಮೊದಲು ವಿಚಾರಿಸಿ. ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿಯ ಪರೀಕ್ಷೆ ಪಾಸಾದವರೂ ಇರುತ್ತಾರೆ. ಸರ್ಟಿಫಿಕೇಟು ಕೇಳಲು ನಾಚಬೇಡಿ. ಬ್ಯಾಂಕಿನಲ್ಲಿ ನಾವು ಸಹಿ ತಾಳೆ ನೋಡದೆ ಹಣ ಕೊಡುತ್ತಿದ್ದೆವೇ?

ಮುಖ್ಯವಾಗಿ ನಾಲ್ಕು ಸಂಗತಿ ಗಮನಿಸಿ. ಕಲಿಸುವವರು ನಿಮ್ಮ ಕಾಯಿಲೆ, ಮಾತ್ರೆಗಳ ಬಗ್ಗೆ ಮೊದಲೇ ಕೇಳುತ್ತಾರೆಯೇ? ಕೇಳಿದರೆ ಒಳ್ಳೆಯ ಗುರುತು. ಮಾತ್ರೆ ಬಿಡಿ ಅನ್ನುತ್ತಾರೆಯೇ, ಇಷ್ಟು ದಿನದಲ್ಲಿ ವಾಸಿ ಎಂದು ಭರವಸೆ ಕೊಡುತ್ತಾರೆಯೇ? ಅಂಥ ಕಡೆ ನಿಲ್ಲಬೇಡಿ. ಕಷ್ಟವಾದರೆ ನಿಲ್ಲಿಸಲು ಬಿಡುತ್ತಾರೆಯೇ? ವೇಗದ ಉಸಿರಾಟ, ಗಂಟೆಗಟ್ಟಲೆ ಧ್ಯಾನ ಎಲ್ಲರಿಗೂ ಒಗ್ಗುವುದಿಲ್ಲ. ಇಲ್ಲದ ಮಾತು ಕೇಳಿಸುವ ಕಾಯಿಲೆಯವರು ವೈದ್ಯರನ್ನು ಕೇಳದೆ ಅದಕ್ಕೆ ಕೈ ಹಾಕಬಾರದು. ಕೊನೆಯದಾಗಿ, ನಿಮಗೆ ತಿಳಿಯುವ ಮಾತಿನಲ್ಲಿ ಹೇಳುತ್ತಾರೆಯೇ? ನಾವು ಉಸಿರು ಅನ್ನುತ್ತೇವೆ, ತೆಲುಗಿನವರು ಊಪಿರಿ ಅನ್ನುತ್ತಾರೆ. ಎರಡೂ ನಮಗೆ ಗೊತ್ತು. ಆದರೆ ಎದೆಯೊಳಗಿನ ಸಂಕಟ ಹೇಳಿಕೊಳ್ಳುವಾಗ ಅವ್ವನ ಮಾತೇ ಬೇಕು.

ಅದಕ್ಕೂ ಒಂದು ದಾರಿ ಇದೆ. 2022ರ ಅಕ್ಟೋಬರಿನಲ್ಲಿ ಸರ್ಕಾರ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಆರಂಭಿಸಿತು. ನಂಬರು 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಭಾಷೆ ಆರಿಸಿಕೊಳ್ಳಬಹುದು, ಅವುಗಳಲ್ಲಿ ಕನ್ನಡವೂ ಉಂಟು. ಆದವಾನಿಯಲ್ಲಿರಲಿ, ಅಕ್ಕಲಕೋಟೆಯಲ್ಲಿರಲಿ, ತಾಳವಾಡಿಯಲ್ಲಿರಲಿ, ಈ ನಂಬರು ಒಂದೇ. ಜೀವವೇ ಬೇಡವೆನಿಸಿದವರು ಯೋಗದ ತರಗತಿ ಹುಡುಕುತ್ತ ಕೂರದೆ ಮೊದಲು ಇದಕ್ಕೆ ಫೋನು ಮಾಡಿ, ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ನನ್ನ ತಮ್ಮನ ವಿಷಯ ಅರ್ಧಕ್ಕೆ ಬಿಟ್ಟೆ. ಗುಂತಕಲ್ಲಿನಿಂದ ಅವನನ್ನು ನೇರವಾಗಿ ಬಳ್ಳಾರಿಗೆ ಕರೆದೊಯ್ದೆ. ವೈದ್ಯರು ಬೈಯಲಿಲ್ಲ. "ಯೋಗ ಮಾಡಲಿ, ಬೇಡ ಅನ್ನುವುದಿಲ್ಲ. ನನ್ನನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ" ಎಂದರು. ಮತ್ತೆ ಹಾದಿಗೆ ಬರಲು ಒಂದು ವರ್ಷ ಹಿಡಿಯಿತು. ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ. ರಾತ್ರಿ ಒಂದು ಮಾತ್ರೆ ನುಂಗುತ್ತಾನೆ, ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸುತ್ತಾನೆ. ಮೊಣಕಾಲು ನೋವಿನ ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವನ ಜೊತೆ ಉಸಿರು ಎಣಿಸುತ್ತೇನೆ. ನಿಮ್ಮ ಮನೆಯಲ್ಲಿಯೂ ಅಂಥ ಒಬ್ಬರಿದ್ದರೆ ಅವರನ್ನು ಒಂಟಿಯಾಗಿ ತರಗತಿಗೆ ಕಳಿಸಬೇಡಿ. ನೀವೂ ಜೊತೆಗೆ ಹೋಗಿ ಕೂತುಕೊಳ್ಳಿ.