ಹಿಮ್ಮಡಿಯ ಐದು ಹನಿ

ಮಗಳು ಹುಟ್ಟಿ ಮೂರನೇ ದಿನ. ಬೆಳಗ್ಗೆ ಹತ್ತರ ಹೊತ್ತಿಗೆ ಸಿಸ್ಟರ್ ಒಬ್ರು ಬಂದು ಮಗುವಿನ ಹಿಮ್ಮಡಿಗೆ ಚುಚ್ಚಿ, ದಪ್ಪ ಕಾಗದದ ಮೇಲೆ ಅಚ್ಚಾಗಿದ್ದ ಐದು ಸುತ್ತುಗಳಿಗೆ ಒಂದೊಂದೇ ಹನಿ ರಕ್ತ ಒತ್ತಿಸಿದ್ರು. ಮಗು ಕಿಟಾರನೆ ಕಿರುಚಿತು. ಊರಿಂದ ಬಂದಿದ್ದ ಅಮ್ಮ, "ಎಳೇ ಮಗೀಗೆ ಯಾಕವ್ವ ಚುಚ್ತೀರ?" ಅಂದ್ರು. ಸಿಸ್ಟರ್ "ಸ್ಕ್ರೀನಿಂಗ್ ಅಮ್ಮಾ, ಎಲ್ಲ ಮಕ್ಳಿಗೂ ಮಾಡ್ತೀವಿ" ಅಂತ ಹೇಳಿ ನನ್ನ ಕಡೆ ಒಂದು ಫಾರಂ ಚಾಚಿದ್ರು. "ಇಲ್ಲೊಂದು, ಇಲ್ಲೊಂದು ಸೈನ್ ಹಾಕಿ ಸಾರ್."

ಹಾಕಿದೆ. ಓದಲಿಲ್ಲ.

ದಿನಾ ಆಫೀಸಲ್ಲಿ ನಾನು ಮಾಡೋ ಕೆಲಸ ಏನು ಗೊತ್ತಾ? ಬಳಕೆದಾರರ ಡೇಟಾ ಎಲ್ಲಿ ಕೂರುತ್ತೆ, ಎಷ್ಟು ದಿನ ಕೂರುತ್ತೆ, ಯಾರು ಮುಟ್ಟಬಹುದು ಅಂತ ನೋಡೋದು. ಒಂದು ಫೋನ್ ನಂಬರ್ ಅನಗತ್ಯವಾಗಿ ಲಾಗ್‌ನಲ್ಲಿ ಉಳಿದ್ರೆ ಜೂನಿಯರ್ ಹುಡುಗರಿಗೆ ಬೈದು ತೆಗೆಸ್ತೀನಿ. ಅಂಥವನು ಸ್ವಂತ ಮಗಳ ರಕ್ತದ ಕಾಗದ ಎಲ್ಲಿಗೆ ಹೋಗುತ್ತೆ ಅಂತ ಕೇಳಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ (ಮಗು ಬಿಡಲೂ ಇಲ್ಲ). ಫೋನ್ ಹಿಡ್ಕೊಂಡು ಆ ಕಾಗದದ ಚರಿತ್ರೆ ಹುಡುಕಿದೆ. ಹುಡುಕ್ತಾ ಹುಡುಕ್ತಾ ಅದು ನಮ್ಮ ಮನೆ ಕಥೆಯೇ ಆಯ್ತು.

ಕಥೆ ಶುರುವಾಗೋದು 1934ರಲ್ಲಿ, ನಾರ್ವೆಯಲ್ಲಿ. ಒಬ್ಬ ತಾಯಿಗೆ ಇಬ್ಬರು ಮಕ್ಕಳು. ಹುಟ್ಟುವಾಗ ಚೆನ್ನಾಗಿದ್ದವು, ಬೆಳೀತಾ ಬುದ್ಧಿ ಬೆಳೀಲಿಲ್ಲ. ಮಕ್ಕಳ ಮೈಯಿಂದ ಒಂಥರಾ ಮುಗ್ಗಲು ವಾಸನೆ ಬರುತ್ತೆ, ಯಾಕೆ ಅಂತ ಆಕೆ ಡಾಕ್ಟರಿಂದ ಡಾಕ್ಟರಿಗೆ ಅಲೆದಳು. ಕೊನೆಗೆ ಆಸ್‌ಬ್ಯೋರ್ನ್ ಫೋಲಿಂಗ್ ಅನ್ನೋ ವೈದ್ಯ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯ್ತು. ನಾವು ತಿನ್ನೋ ಪ್ರೋಟೀನ್‌ನಲ್ಲಿರೋ ಫಿನೈಲ್‌ಅಲನಿನ್ ಅನ್ನೋ ಅಂಶವನ್ನ ಆ ಮಕ್ಕಳ ದೇಹಕ್ಕೆ ಅರಗಿಸಿಕೊಳ್ಳೋಕೆ ಆಗ್ತಿರಲಿಲ್ಲ. ಅದು ರಕ್ತದಲ್ಲಿ ಸೇರ್ತಾ ಸೇರ್ತಾ ಮಿದುಳನ್ನ ಹಾಳು ಮಾಡ್ತಿತ್ತು. ಮುಂದೆ ಈ ಕಾಯಿಲೆಗೆ ಫಿನೈಲ್‌ಕೀಟೋನ್ಯೂರಿಯಾ, ಚಿಕ್ಕದಾಗಿ ಪಿಕೆಯು ಅನ್ನೋ ಹೆಸರು ಬಂತು. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ್ರೆ ಮಾತ್ರ ಮಗುವಿಗೆ ಈ ಕಾಯಿಲೆ. ಅಂಥ ದಂಪತಿಗೆ ಹುಟ್ಟೋ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಕಾಯಿಲೆ ಗೊತ್ತಾಯ್ತು, ಮದ್ದು ಇರಲಿಲ್ಲ. 1950ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇನ್ನೊಬ್ಬ ತಾಯಿ ಹಾರ್ಸ್ಟ್ ಬಿಕೆಲ್ ಅನ್ನೋ ಡಾಕ್ಟರ ಲ್ಯಾಬ್ ಬಾಗಿಲಿಗೆ ದಿನಾ ಬಂದು ನಿಲ್ತಿದ್ದಳು. ಏನಾದ್ರೂ ಮಾಡಿ ಅಂತ. ಆತ ತನ್ನ ಜೊತೆಗಾರರ ಜೊತೆ ಸೇರಿ ಫಿನೈಲ್‌ಅಲನಿನ್ ತೆಗೆದ ಆಹಾರ ತಯಾರಿಸಿದ. ಎರಡು ವರ್ಷದ ಆ ಹೆಣ್ಣುಮಗು ತಲೆ ಚಚ್ಚಿಕೊಳ್ಳೋದು ಬಿಟ್ಟಿತು, ಅಂಬೆಗಾಲಿಟ್ಟಿತು, ಎದ್ದು ನಿಂತಿತು.

ಆಮೇಲೆ ಆಗಿದ್ದನ್ನ ಓದಿ ಮಾತ್ರ ಫೋನ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಗು ಸುಧಾರಿಸಿದ್ದು ಆಹಾರದಿಂದಲೇ ಅಂತ ಸಾಬೀತು ಮಾಡಬೇಕಿತ್ತಲ್ಲ? ವೈದ್ಯರು ತಾಯಿಗೆ ಹೇಳದೆ ಆ ಆಹಾರಕ್ಕೆ ಫಿನೈಲ್‌ಅಲನಿನ್ ಮತ್ತೆ ಬೆರೆಸಿಟ್ಟರು. ಮಗು ಮತ್ತೆ ಅಳೋಕೆ, ತಲೆ ಚಚ್ಚಿಕೊಳ್ಳೋಕೆ ಶುರುಮಾಡಿತು. ಬೆರೆಸಿದ್ದೇ ಕಾರಣ ಅಂತ ಪಾಪ, ತಾಯಿಗೆ ಗೊತ್ತಿಲ್ಲ. ಆಮೇಲೆ ಆಕೆಗೆ ವಿಷಯ ತಿಳಿಸಿ, ಒಪ್ಪಿಗೆ ತಗೊಂಡು, ಆಸ್ಪತ್ರೆಯಲ್ಲೇ ಅದೇ ಪ್ರಯೋಗ ಇನ್ನೊಮ್ಮೆ ಮಾಡಿದರು. 1953ರಲ್ಲಿ ಲೇಖನ ಪ್ರಕಟವಾಯ್ತು. ಸಾವಿರಾರು ಮಕ್ಕಳನ್ನ ಉಳಿಸಿದ ಚಿಕಿತ್ಸೆಯ ಬುಡದಲ್ಲೇ ಹೀಗೊಂದು ಮುಚ್ಚಿಟ್ಟ ಮಾತಿದೆ.

ಇನ್ನು ಉಳಿದಿದ್ದು ಹೊತ್ತಿನ ಸಮಸ್ಯೆ. ಪಥ್ಯ ಶುರುವಾಗಬೇಕಿದ್ದದ್ದು ಹುಟ್ಟಿದ ಮೊದಲ ವಾರಗಳಲ್ಲಿ. ಕಾಯಿಲೆ ಕಣ್ಣಿಗೆ ಕಾಣೋ ಹೊತ್ತಿಗೆ ಮಿದುಳಿಗೆ ಆಗೋದು ಆಗಿಹೋಗಿರ್ತಿತ್ತು. ಒದ್ದೆ ಬಟ್ಟೆಗೆ ರಾಸಾಯನಿಕ ಹಾಕಿ ನೋಡೋ ಪರೀಕ್ಷೆ ಇತ್ತು, ಆದರೆ ಅದು ಹಿಡಿಯೋದೂ ತಡವಾಗಿಯೇ.

ಇಲ್ಲಿ ಬರ್ತಾನೆ ರಾಬರ್ಟ್ ಗಥ್ರಿ. ಅಮೆರಿಕದ ಬಫಲೋ ಊರಿನ ಸೂಕ್ಷ್ಮಜೀವಿ ವಿಜ್ಞಾನಿ. ಕ್ಯಾನ್ಸರ್ ಸಂಶೋಧನೆಯಲ್ಲಿದ್ದವನು. ಅವನ ಮಗ ಬುದ್ಧಿಮಾಂದ್ಯ, ಹಾಗಾಗಿ ಅಂಥ ಮಕ್ಕಳ ತಂದೆತಾಯಿಯರ ಸಂಘದಲ್ಲಿ ಓಡಾಡ್ತಿದ್ದ. ಅಲ್ಲಿ ಪರಿಚಯವಾದ ಡಾಕ್ಟರೊಬ್ಬರು, ಪಥ್ಯದಲ್ಲಿರೋ ಮಕ್ಕಳ ರಕ್ತದಲ್ಲಿ ಫಿನೈಲ್‌ಅಲನಿನ್ ಅಳೆಯೋಕೆ ಸುಲಭದ ದಾರಿ ಇದೆಯಾ ಅಂತ ಕೇಳಿದರು. 1958ರಲ್ಲಿ ಅವನ ನಾದಿನಿಯ ಮಗಳಿಗೇ ಪಿಕೆಯು ಇದೆ ಅಂತ ತಿಳೀತು. ಆಗ ಆ ಮಗುವಿಗೆ ಒಂದು ವರ್ಷ ದಾಟಿತ್ತು. ತಡವಾಗಿಹೋಗಿತ್ತು.

ಗಥ್ರಿ ಮಾಡಿದ ಉಪಾಯ ನೋಡಿ. ಒಂದು ತಟ್ಟೆಯಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋ ಬ್ಯಾಕ್ಟೀರಿಯಾ ಬಿತ್ತೋದು. ಅದು ಬೆಳೆಯದ ಹಾಗೆ ತಡೆಯೋ ಒಂದು ರಾಸಾಯನಿಕವನ್ನೂ ಬೆರೆಸೋದು. ಫಿನೈಲ್‌ಅಲನಿನ್ ಧಾರಾಳವಾಗಿ ಸಿಕ್ಕರೆ ಮಾತ್ರ ಆ ತಡೆ ಮುರಿದು ಬ್ಯಾಕ್ಟೀರಿಯಾ ಬೆಳೆಯುತ್ತೆ. ಮಗುವಿನ ಹಿಮ್ಮಡಿಯ ರಕ್ತವನ್ನ ಹೀರುಕಾಗದದ ಮೇಲೆ ಒಣಗಿಸಿ, ಅದರಿಂದ ಒಂದು ಚಿಕ್ಕ ಬಿಲ್ಲೆ ಕತ್ತರಿಸಿ ತಟ್ಟೆಯಲ್ಲಿಡೋದು. ಮಾರನೇ ದಿನ ಬಿಲ್ಲೆ ಸುತ್ತ ಬ್ಯಾಕ್ಟೀರಿಯಾ ಬಳೆಯ ಹಾಗೆ ಬೆಳೆದಿದ್ರೆ ಆ ಮಗುವನ್ನ ವಾಪಸ್ ಕರೆಸಬೇಕು. ಒಣ ಕಾಗದ ತಾನೇ, ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಬಹುದು. ದೊಡ್ಡ ಯಂತ್ರ ಬೇಡ, ಐಸ್ ಬೇಡ. ನಾನು ಹದಿಮೂರು ವರ್ಷದಿಂದ ಕೋಡ್ ಬರೀತಿದ್ದೀನಿ, ಇಷ್ಟು ಅಚ್ಚುಕಟ್ಟಾದ ಡಿಸೈನ್ ನೋಡಿಲ್ಲ.

ಮೊದಲು ಅದನ್ನ ಪರೀಕ್ಷಿಸಿದ್ದು ಬುದ್ಧಿಮಾಂದ್ಯರನ್ನ ಇರಿಸಿದ್ದ ನ್ಯೂಯಾರ್ಕ್ ರಾಜ್ಯದ ಒಂದು ಸಂಸ್ಥೆಯಲ್ಲಿ. ಮೊದಲೇ ಗೊತ್ತಿದ್ದ ರೋಗಿಗಳೆಲ್ಲ ಸಿಕ್ಕಿದರು. ಹಳೇ ಪರೀಕ್ಷೆಗೆ ಸಿಗದ ಇನ್ನೂ ಕೆಲವರೂ ಸಿಕ್ಕಿದರು. ಬೇಕು, ಬೇಡ ಅನ್ನೋಕೆ ಬಾಯಿಲ್ಲದ ಜನ ಅವರು. ಆಮೇಲೆ 29 ರಾಜ್ಯಗಳ 4 ಲಕ್ಷ ಹಸುಗೂಸುಗಳ ಪರೀಕ್ಷೆ ನಡೆದು 39 ಮಕ್ಕಳು ಪತ್ತೆಯಾದರು. 1963ರಲ್ಲಿ ಗಥ್ರಿ ಮತ್ತು ಅಡಾ ಸೂಸಿ ಇದರ ಬಗ್ಗೆ ಲೇಖನ ಬರೆದರು. ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯ ಪರೀಕ್ಷೆಯನ್ನ ಕಡ್ಡಾಯ ಮಾಡಿತು. ತಂದೆತಾಯಿಯರ ಸಂಘಗಳು ಒತ್ತಾಯ ಮಾಡಿದ ಮೇಲೆ ಒಂದರ ಹಿಂದೆ ಒಂದು ರಾಜ್ಯ ಕಾನೂನು ತಂದಿತು.

ಗಥ್ರಿಗೆ ದುಡ್ಡಿನಾಸೆ ಇರಲಿಲ್ಲ, ರಾಯಲ್ಟಿ ಮುಟ್ಟಲಿಲ್ಲ. ಆದರೆ ಕಿಟ್ ತಯಾರಿಸೋ ಹಕ್ಕನ್ನ ಒಂದೇ ಕಂಪನಿಗೆ ಕೊಟ್ಟಿದ್ದ. ತಾನು 6 ಡಾಲರ್‌ಗೆ ಮಾಡ್ತಿದ್ದ ಕಿಟ್‌ಗೆ ಆ ಕಂಪನಿ 262 ಡಾಲರ್ ಬೆಲೆ ಇಡುತ್ತೆ ಅಂತ ಗೊತ್ತಾದಾಗ ಕೆರಳಿ ಕೆಂಡವಾದ. ವಿಷಯ ಅಮೆರಿಕದ ಸಂಸತ್ತಿನವರೆಗೆ ಹೋಗಿ, ಆ ಕಂಪನಿಯ ಏಕಸ್ವಾಮ್ಯ ಮುರಿದುಬಿತ್ತು.

ಇಲ್ಲಿಗೆ ಸುಖಾಂತ್ಯ ಅಂತ ಎದ್ದು ಹೋಗಬಹುದಿತ್ತು. ಆದರೆ ಅವಸರಕ್ಕೆ ಒಂದು ಬೆಲೆ ಇತ್ತು. ರಕ್ತದಲ್ಲಿ ಫಿನೈಲ್‌ಅಲನಿನ್ ಒಂಚೂರು ಜಾಸ್ತಿ ಇದ್ದವರೆಲ್ಲ ರೋಗಿಗಳಲ್ಲ ಅಂತ ಕಾನೂನು ಬಂದ ಕಾಲಕ್ಕೆ ಸರಿಯಾಗಿ ತಿಳಿದಿರಲಿಲ್ಲ. ಹಾಗಾಗಿ ಪಥ್ಯ ಬೇಡದ ಮಕ್ಕಳಿಗೂ ಕೆಲವು ಕಡೆ ಕಟ್ಟುನಿಟ್ಟಿನ ಪಥ್ಯ ಹಾಕಿದರು. ಫಿನೈಲ್‌ಅಲನಿನ್ ಪೂರ್ತಿ ಇಲ್ಲದೆಯೂ ಮಗು ಬೆಳೆಯೋಲ್ಲ, ಅಂಥ ಮಕ್ಕಳು ಸೊರಗಿದವು. ಇನ್ನೊಂದು ಪೆಟ್ಟು ಇಪ್ಪತ್ತು ವರ್ಷದ ನಂತರ ಬಂತು. ಪಥ್ಯದಿಂದ ಬದುಕು ಕಂಡ ಹೆಣ್ಣುಮಕ್ಕಳು ದೊಡ್ಡವರಾಗಿ, ಪಥ್ಯ ಬಿಟ್ಟು, ಬಸುರಾದಾಗ ಅವರ ರಕ್ತದಲ್ಲಿದ್ದ ಫಿನೈಲ್‌ಅಲನಿನ್ ಹೊಟ್ಟೆಯಲ್ಲಿದ್ದ ಮಗುವಿನ ಮಿದುಳಿಗೆ ಕುತ್ತಾಯ್ತು.

ಈ ಪಾಠಗಳನ್ನ ಕೂತು ಲೆಕ್ಕ ಹಾಕಿದವರಲ್ಲಿ ನೀಲ್ ಹೋಲ್ಟ್ಸ್‌ಮನ್ ಒಬ್ಬರು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಮಕ್ಕಳ ವೈದ್ಯ. ವಂಶವಾಹಿ ಪರೀಕ್ಷೆಗಳು ಸಾರ್ವಜನಿಕರ ಮೇಲೆ ಹೇಗೆ, ಯಾವಾಗ ಬರಬೇಕು ಅನ್ನೋ ಪ್ರಶ್ನೆ ಹಿಡ್ಕೊಂಡೇ ವೃತ್ತಿ ಕಳೆದರು. 1970ರ ದಶಕದಲ್ಲಿ ಮೇರಿಲ್ಯಾಂಡ್ ರಾಜ್ಯ, ಮಗುವಿನ ರಕ್ತ ತೆಗೆಯೋ ಮುಂಚೆ ತಂದೆತಾಯಿಯ ಒಪ್ಪಿಗೆ ಕೇಳಲೇಬೇಕು ಅಂತ ನಿಯಮ ಮಾಡಿತು. ಒಪ್ಪಿಗೆ ಕೇಳಿದ್ರೆ ಜನ ಬೇಡ ಅಂತಾರೆ, ಮಕ್ಕಳು ಸಾಯ್ತಾರೆ ಅಂತ ಎಷ್ಟೋ ಜನ ಹೆದರಿಸಿದರು. ಹೋಲ್ಟ್ಸ್‌ಮನ್, ನೀತಿಶಾಸ್ತ್ರದ ರುತ್ ಫೇಡನ್ ಮತ್ತವರ ಜೊತೆಗಾರರು ಹೋಗಿ ನೋಡಿದರು. ಬೇಡ ಅಂದವರು ಸಾವಿರಕ್ಕೆ ಒಬ್ಬರೂ ಇರಲಿಲ್ಲ. ವಿವರಿಸೋಕೆ ನರ್ಸ್‌ಗಳಿಗೆ ಹಿಡಿದಿದ್ದು ಕೆಲವೇ ನಿಮಿಷ.

ಮಜಾ ಏನಂದ್ರೆ, 1982ರಲ್ಲಿ ಅದೇ ಜನ ಬರೆದ ಇನ್ನೊಂದು ಲೇಖನದ ತೀರ್ಮಾನ ಬೇರೆಯೇ. ಪಿಕೆಯು ತರಹದ, ಲಾಭ ಸ್ಪಷ್ಟವಾಗಿರೋ ಪರೀಕ್ಷೆಗೆ ತಂದೆತಾಯಿಯ ಒಪ್ಪಿಗೆ ನೈತಿಕವಾಗಿ ಬೇಕೇ ಬೇಕು ಅಂತಿಲ್ಲ ಅಂತ ಅವರ ವಾದ. ಮಗು ಅಪ್ಪ ಅಮ್ಮನ ಆಸ್ತಿಯಲ್ಲ, ಅದರ ಮಿದುಳು ಉಳಿಸಿಕೊಳ್ಳೋ ಹಕ್ಕು ಅದರದ್ದೇ. ಮೊದಲು ನಂಗೆ ಇದು ವಿಚಿತ್ರ ಅನ್ನಿಸ್ತು. ಆಮೇಲೆ ಶಿವು ನೆನಪಾದ.

ಶಿವು ನಮ್ಮ ಚಿಕ್ಕಮ್ಮನ ಮಗ. ಚಿಕ್ಕಮ್ಮನನ್ನ ಸ್ವಂತ ಸೋದರಮಾವನಿಗೇ ಕೊಟ್ಟಿದ್ದರು, ನಮ್ಮ ಕಡೆ ಅದು ಮಾಮೂಲಿ. ಶಿವು ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಮಾತು ಬರಲಿಲ್ಲ, ಜಗಲಿ ಮೇಲೆ ಕೂತು ಹಿಂದೆ ಮುಂದೆ ತೂಗಾಡ್ತಿದ್ದ. ಮನೆಯವರು ದೇವರಿಗೆ ಹರಕೆ ಹೊತ್ತರು, ತಾಯತ ಕಟ್ಟಿಸಿದರು. ಊರವರು ಚಿಕ್ಕಮ್ಮ ಬಸುರಿಯಲ್ಲಿ ಗ್ರಹಣ ನೋಡಿದ್ದಳು ಅಂದರು. ಹತ್ತೊಂಬತ್ತಕ್ಕೆ ಹೋಗಿಬಿಟ್ಟ. ಅವನಿಗಿದ್ದದ್ದು ಯಾವ ಕಾಯಿಲೆ ಅಂತ ಯಾರೂ ಪರೀಕ್ಷೆ ಮಾಡಲಿಲ್ಲ.

ಇದರಲ್ಲಿ ಹೊಟ್ಟೆ ಉರಿಯೋ ಸಂಗತಿ ಒಂದಿದೆ. 1980ರ ದಶಕದಲ್ಲಿ, ಶಿವು ಹುಟ್ಟಿದ ಕಾಲದಲ್ಲೇ, ನಮ್ಮ ಬೆಂಗಳೂರಿನಲ್ಲಿ ಹಸುಗೂಸುಗಳ ಹಿಮ್ಮಡಿ ರಕ್ತ ಪರೀಕ್ಷೆ ನಡೀತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ರಾಧಾ ರಮಾದೇವಿ 1 ಲಕ್ಷ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನ ನೋಡಿ, ಇಂಥ ಕಾಯಿಲೆಗಳು ನಮ್ಮಲ್ಲೂ ಇವೆ ಅಂತ ತೋರಿಸಿದರು. ಅವರೇ ಎ. ಎಚ್. ಬಿಟ್ಲ್ಸ್ ಜೊತೆ ಸೇರಿ ಕರ್ನಾಟಕದ ಮದುವೆಗಳನ್ನೂ ಲೆಕ್ಕ ಹಾಕಿದರು. ಅವರು ಕಂಡ ದಂಪತಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಜೋಡಿ ರಕ್ತಸಂಬಂಧಿಗಳು. ನಮ್ಮೂರಿಂದ ಬೆಂಗಳೂರಿಗೆ ಬಸ್ಸಲ್ಲಿ ನಾಲ್ಕು ಗಂಟೆ. ಆ ಕಾಗದ ಅಲ್ಲಿವರೆಗೆ ಬರಲಿಲ್ಲ. ದೇಶಕ್ಕೆಲ್ಲ ಅನ್ವಯಿಸೋ ಕಡ್ಡಾಯ ತಪಾಸಣೆ ನಮ್ಮಲ್ಲಿ ಇವತ್ತಿಗೂ ಇಲ್ಲ. ನನ್ನ ಮಗಳಿಗೆ ಸಿಕ್ಕಿದ್ದು ನಾನು ಬಿಲ್ ಕಟ್ಟಿದ್ದಕ್ಕೆ.

ಹಾಗಾದ್ರೆ ಸಹಿ ಹಾಕಿ ಸುಮ್ಮನಿದ್ದರೆ ಆಯ್ತಲ್ಲ? ಅದಕ್ಕೆ ಉತ್ತರ ಟೆಕ್ಸಾಸ್‌ನಲ್ಲಿದೆ. ಪರೀಕ್ಷೆ ಮುಗಿದ ಮೇಲೂ ಕಾಗದದಲ್ಲಿ ರಕ್ತ ಉಳಿಯುತ್ತೆ, ಅದರಲ್ಲಿ ಡಿಎನ್‌ಎ ಉಳಿಯುತ್ತೆ. ಆ ರಾಜ್ಯ 2002ರಿಂದ ಕಾರ್ಡುಗಳನ್ನ ಬಿಸಾಡದೆ ಕೂಡಿಡೋಕೆ ಶುರುಮಾಡಿ, ತಂದೆತಾಯಿಗೆ ಹೇಳದೆ ಸಂಶೋಧನೆಗೆ ಕೊಟ್ಟಿತು. 2009ರಲ್ಲಿ ಐವರು ತಂದೆತಾಯಿಯರು ಕೋರ್ಟಿಗೆ ಹೋದರು. ಸರ್ಕಾರ ರಾಜಿ ಮಾಡಿಕೊಂಡು 50 ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನ ನಾಶ ಮಾಡೋಕೆ ಒಪ್ಪಿತು. ಅದಾದ ಮೇಲೆ, 2010ರಲ್ಲಿ, ಪತ್ರಕರ್ತರು ಇನ್ನೊಂದು ಸಂಗತಿ ಹೊರಗೆಳೆದರು. ಅದರಲ್ಲಿ ಸುಮಾರು 800 ಕಾರ್ಡು ಸೇನೆಯ ಡಿಎನ್‌ಎ ಪ್ರಯೋಗಾಲಯಕ್ಕೆ ಹೋಗಿದ್ದವು.

ನಾಶವಾದದ್ದು ಬರೀ ಕಾಗದ ಅಂದ್ಕೋಬೇಡಿ. 1997ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಲ್ಯುಕೇಮಿಯಾ ಬಂದ ಮಕ್ಕಳ ಹಳೇ ಹಿಮ್ಮಡಿ ಕಾರ್ಡು ತೆಗೆದು ನೋಡಿ, ಆ ಕ್ಯಾನ್ಸರಿನ ಬೀಜ ಕೆಲವರಲ್ಲಿ ಹುಟ್ಟುವಾಗಲೇ ಇತ್ತು ಅಂತ ಕಂಡುಹಿಡಿದಿದ್ದರು. ಅಂಥ ಎಷ್ಟು ಉತ್ತರಗಳು ಆ 50 ಲಕ್ಷದೊಳಗೆ ಸುಟ್ಟುಹೋದವೋ. ಒಂದು ಮಾತು ಮೊದಲೇ ಕೇಳಿದ್ದರೆ ಹೆಚ್ಚಿನವರು "ಆಯ್ತು, ಬಳಸ್ಕೊಳ್ಳಿ" ಅಂತಿದ್ದರೇನೋ. ಮೇರಿಲ್ಯಾಂಡ್‌ನ ಲೆಕ್ಕ ಅದನ್ನೇ ಹೇಳಿತ್ತು.

ಅಂದ್ರೆ ಇಲ್ಲಿರೋದು ಎರಡು ಬೇರೆ ಬೇರೆ ಪ್ರಶ್ನೆ. ಮಗುವನ್ನ ಉಳಿಸೋಕೆ ರಕ್ತ ತೆಗೆಯೋದು ಒಂದು. ಉಳಿದ ರಕ್ತವನ್ನ ಇಟ್ಟುಕೊಳ್ಳೋದು ಇನ್ನೊಂದು. ಮೊದಲನೇದಕ್ಕೆ ನನ್ನ ಸಹಿ ಕಾಯ್ಕೊಂಡು ಕೂರಬೇಡಿ, ಶಿವು ಆಣೆಗೂ. ಎರಡನೇದಕ್ಕೆ ಕೇಳಿ. ಐಸಿಎಂಆರ್ 2017ರಲ್ಲಿ ತಂದ ನೀತಿ ಮಾರ್ಗಸೂಚಿಯಲ್ಲಿ ಹೀಗೆ ಕೂಡಿಟ್ಟ ಜೈವಿಕ ಮಾದರಿಗಳ ಬಗ್ಗೆಯೇ ಒಂದು ಅಧ್ಯಾಯ ಇದೆ. ಮಾರ್ಗಸೂಚಿ ಇದ್ದರೆ ಸಾಲದು, ವಾರ್ಡಿನಲ್ಲಿ ಫಾರಂ ಚಾಚುವಾಗ ಎರಡು ಮಾತು ಹೇಳೋರು ಬೇಕು, ಕೇಳೋರೂ ಬೇಕು.

ವಾರ ಬಿಟ್ಟು ಆಸ್ಪತ್ರೆಗೆ ಫೋನ್ ಮಾಡಿದೆ. ಮೂರು ಕಡೆ ವರ್ಗಾಯಿಸಿ, ಕೊನೆಗೆ ಲ್ಯಾಬಿನ ಹುಡುಗಿಯೊಬ್ಬಳು ಸಿಕ್ಕಿದಳು. "ರಿಪೋರ್ಟ್ ನಾರ್ಮಲ್ ಇದೆ ಸಾರ್." ಸಂತೋಷಮ್ಮ, ಆದರೆ ಉಳಿದ ಕಾರ್ಡ್ ಏನ್ಮಾಡ್ತೀರಿ ಅಂದೆ. ಒಂದು ಕ್ಷಣ ಮೌನ. "ಇದುವರೆಗೂ ಯಾರೂ ಕೇಳಿಲ್ಲ ಸಾರ್. ವಿಚಾರಿಸಿ ಹೇಳ್ತೀನಿ."

ಪಕ್ಕದಲ್ಲೇ ಅಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಾ ಕೂತಿದ್ರು. ರಿಪೋರ್ಟ್ ಚೆನ್ನಾಗಿ ಬಂದಿದೆ ಅಂದೆ. ಆ ಪರೀಕ್ಷೆ ಯಾತಕ್ಕೆ ಅಂತ ಕೇಳಿದ್ರು, ಹೇಳಿದೆ. ಪೂರ್ತಿ ಕೇಳಿಸ್ಕೊಂಡು, ಗಾಯ ಮಾಯ್ದಿದ್ದ ಆ ಹಿಮ್ಮಡಿ ಸವರಿ, "ನಮ್ ಶಿವೂಗೂ ಒಂದು ಹನಿ ತಗ್ದಿದ್ರೆ..." ಅಂದ್ರು. ಮಾತು ಅಲ್ಲಿಗೇ ನಿಂತಿತು.

ಲ್ಯಾಬಿನಿಂದ ಇನ್ನೂ ಫೋನ್ ಬಂದಿಲ್ಲ. ನಾಳೆ ನಾನೇ ಮತ್ತೆ ಮಾಡ್ತೀನಿ.